ಗುಂಪು ಕೂಡಿದರೆ ಸಾಲದು: ಮನೆಯ ಕಂಪ್ಯೂಟರಿಗೆ ಮೆಮೊರಿ ಆರಿಸುವ ಬಗೆ

ರೋಗಿಗೆ ರಕ್ತ ಕೊಡುವ ಮೊದಲು ಎರಡು ಪರೀಕ್ಷೆಗಳಾಗಬೇಕು. ಮೊದಲನೆಯದು ರಕ್ತದ ಗುಂಪು. ಎರಡನೆಯದು ಕ್ರಾಸ್‌ಮ್ಯಾಚ್, ಅಂದರೆ ಕೊಡುವವರ ರಕ್ತಕಣಗಳನ್ನು ಪಡೆಯುವವರ ಸೀರಮ್ಮಿನೊಡನೆ ಬೆರೆಸಿ ನೋಡುವುದು. ಗುಂಪು ಒಂದೇ ಆಗಿದ್ದರೂ ಕೆಲವೊಮ್ಮೆ ರಕ್ತ ಹೊಂದುವುದಿಲ್ಲ. ವೃತ್ತಿಯಲ್ಲಿದ್ದಷ್ಟು ಕಾಲ ಈ ನಿಯಮವನ್ನು ಮೀರದ ನಾನು, ನಿವೃತ್ತಿಯ ಮೇಲೆ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಕೈ ಹಾಕಿದಾಗ ಅದನ್ನೇ ಮರೆತೆ.

ಆ ಕಂಪ್ಯೂಟರಿನಲ್ಲಿ ಮೊದಲೇ ಎರಡು ಮೆಮೊರಿ ಮಾಡ್ಯೂಲ್‌ಗಳಿದ್ದವು. ಅದೇ ತಲೆಮಾರಿನ, ಅದೇ ವೇಗದ, ಆದರೆ ಬೇರೆ ಕಂಪನಿಯ ಇನ್ನೆರಡನ್ನು ತಂದು ಪಕ್ಕದ ಸ್ಲಾಟ್‌ಗಳಲ್ಲಿ ಕೂರಿಸಿದೆ. ಯಂತ್ರ ಚೆನ್ನಾಗಿಯೇ ಓಡಿತು. ಕೆಲವು ವಾರಗಳ ನಂತರ, ಹಳೆಯ ಡಿಸ್ಕಿನಿಂದ ಹೊಸದಕ್ಕೆ ನಕಲು ಮಾಡಿದ್ದ ಫೋಟೋಗಳನ್ನು ತೆರೆದು ನೋಡಿದರೆ, ಹಲವು ಚಿತ್ರಗಳ ಕೆಳಗಿನ ಅರ್ಧ ಬೂದು ಬಣ್ಣಕ್ಕೆ ತಿರುಗಿತ್ತು. ಊರಿನ ಮನೆಯ ಜಗಲಿಯಲ್ಲಿ ಅಮ್ಮ ಕುಳಿತಿದ್ದ ಚಿತ್ರವೂ ಅದರಲ್ಲಿತ್ತು. ಹಳೆಯ ಡಿಸ್ಕನ್ನು ಎಸೆದಿರಲಿಲ್ಲ, ಅದೊಂದು ಪುಣ್ಯ. ಒಂದೊಂದು ಜೋಡಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದಾಗ ದೋಷವಿರಲಿಲ್ಲ. ನಾಲ್ಕನ್ನೂ ಕೂಡಿಸಿದರೆ ಮಾತ್ರ ತಪ್ಪುಗಳು ಕಾಣಿಸುತ್ತಿದ್ದವು. ಗುಂಪು ಕೂಡಿತ್ತು, ಕ್ರಾಸ್‌ಮ್ಯಾಚ್ ಆಗಿರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಆ ಕಾರಣದಿಂದ ಹಳೆಯ ಯಂತ್ರ ಬದಲಿಸುವವರು, ರಜೆಯಲ್ಲಿ ಮಕ್ಕಳೊಡನೆ ಹೊಸದನ್ನು ಜೋಡಿಸಬೇಕೆನ್ನುವವರು ನಮ್ಮ ಸಂಘದಲ್ಲಿಯೂ ಇದ್ದಾರೆ. ಅವರಿಗೆ ನೆರವಾಗಲೆಂದು ಈ ಲೇಖನ.

ಮೆಮೊರಿಯ ಕೆಲಸ

ಡಿಸ್ಕ್ ಬೀರುವಾದರೆ ಮೆಮೊರಿ ಮೇಜು. ಬೀರುವಿನಲ್ಲಿರುವುದನ್ನು ಮೇಜಿನ ಮೇಲೆ ಹರಡಿಕೊಂಡೇ ಪ್ರೊಸೆಸರ್ ಕೆಲಸ ಮಾಡುತ್ತದೆ. ಒಂದು ಚಿತ್ರವನ್ನು ನಕಲು ಮಾಡುವಾಗಲೂ ಅದು ಮೆಮೊರಿಯನ್ನು ಹಾದೇ ಹೋಗುತ್ತದೆ. ಅಲ್ಲಿ ಒಂದು ಬಿಟ್ ತಿರುಗಿದರೆ ಆ ತಪ್ಪೇ ಡಿಸ್ಕಿಗೆ ಬರೆಯಲ್ಪಡುತ್ತದೆ. ಯಂತ್ರ ಕೆಟ್ಟು ನಿಂತರೆ ನಮಗೆ ತಿಳಿಯುತ್ತದೆ. ಹೀಗೆ ಸದ್ದಿಲ್ಲದೆ ಆಗುವ ಹಾನಿ ತಿಳಿಯುವುದು ತಡವಾಗಿ.

ಮೊದಲ ಪರೀಕ್ಷೆ: ಗುಂಪು

ಈಗ ಮನೆಗಳಲ್ಲಿ ಕಾಣುವುದು ಮೂರು ತಲೆಮಾರುಗಳು: ಡಿಡಿಆರ್3, ಡಿಡಿಆರ್4, ಡಿಡಿಆರ್5. ಇವು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3ಕ್ಕೆ 240 ಪಿನ್‌ಗಳು. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ ಇದ್ದರೂ ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ. ವಿದ್ಯುತ್ತಿನ ಮಟ್ಟವೂ ಬೇರೆ: ಕ್ರಮವಾಗಿ 1.5, 1.2 ಮತ್ತು 1.1 ವೋಲ್ಟ್. ಆದ್ದರಿಂದ ಕೂರದಿದ್ದಾಗ ಬಲವಂತದಿಂದ ಒತ್ತಬಾರದು. ಕೂರದಿರುವುದೇ ಎಚ್ಚರಿಕೆ.

ಯಾವ ತಲೆಮಾರು ಬೇಕೆಂಬುದನ್ನು ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ನಿರ್ಧರಿಸುತ್ತವೆ. ಎಎಂಡಿಯ ಎಎಂ4 ಬೋರ್ಡುಗಳಿಗೆ ಡಿಡಿಆರ್4 ಮಾತ್ರ, 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಜನ ಎಡವುವುದು ಇಂಟೆಲ್‌ನ 12, 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ. ಅವು ಎರಡನ್ನೂ ಒಪ್ಪುತ್ತವೆ, ಆದರೆ ಕೊಂಡ ಬೋರ್ಡು ಸಾಮಾನ್ಯವಾಗಿ ಒಂದನ್ನೇ ಒಪ್ಪುತ್ತದೆ. ಒಂದೇ ಹೆಸರಿನ ಬೋರ್ಡು ಡಿಡಿಆರ್4ಕ್ಕೊಂದು, ಡಿಡಿಆರ್5ಕ್ಕೊಂದು ಎಂದು ಎರಡು ರೂಪಗಳಲ್ಲಿ ಬಂದಿರುವುದೂ ಉಂಟು. ಪೂರ್ತಿ ಮಾದರಿ ಹೆಸರನ್ನು ಕೊನೆಯ ಅಕ್ಷರದವರೆಗೆ ಬರೆದುಕೊಳ್ಳಿ.

ಆಕಾರವನ್ನೂ ನೋಡಬೇಕು. ಡೆಸ್ಕ್‌ಟಾಪಿಗೆ ಬೇಕಾದದ್ದು ಯುಡಿಐಎಂಎಂ. ಲ್ಯಾಪ್‌ಟಾಪಿನ ಗಿಡ್ಡ ಮಾಡ್ಯೂಲ್ ಎಸ್‌ಒ-ಡಿಐಎಂಎಂ, ಸರ್ವರಿನದು ಆರ್‌ಡಿಐಎಂಎಂ. ಹಳೆಯ ಸರ್ವರುಗಳಿಂದ ತೆಗೆದ ಮಾಡ್ಯೂಲುಗಳು ಅಗ್ಗವಾಗಿ ಸಿಗುತ್ತವೆ, ಆದರೆ ಮನೆಯ ಬೋರ್ಡಿನಲ್ಲಿ ಅವು ಕೆಲಸ ಮಾಡುವುದಿಲ್ಲ.

ವೇಗದ ಲೆಕ್ಕ

ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. 3200 ಅಥವಾ 6000 ಎಂಬುದು ಸೆಕೆಂಡಿಗೆ ಎಷ್ಟು ದಶಲಕ್ಷ ಬಾರಿ ಮಾಹಿತಿ ಸಾಗುತ್ತದೆ ಎಂಬ ಲೆಕ್ಕ. ಸಿಎಲ್ ಎಂಬುದು ಕೇಳಿದ ಮಾಹಿತಿ ಬರಲು ಆರಂಭವಾಗುವ ಮೊದಲು ಕಾಯಬೇಕಾದ ಗಡಿಯಾರದ ಮಿಡಿತಗಳು. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೋಸೆಕೆಂಡುಗಳಲ್ಲಿ ಸಿಗುತ್ತದೆ. ಡಿಡಿಆರ್4-3200, ಸಿಎಲ್16 ಆದರೆ 10. ಡಿಡಿಆರ್5-6000, ಸಿಎಲ್30 ಆದರೂ 10. ಡಿಡಿಆರ್5-4800, ಸಿಎಲ್40 ಆದರೆ ಸುಮಾರು 16.7. ಹೊಸ ತಲೆಮಾರು ಒಂದೇ ಬಾರಿಗೆ ಹೆಚ್ಚು ಸಾಗಿಸುತ್ತದೆ ನಿಜ, ಆದರೆ ದೊಡ್ಡ ಸಂಖ್ಯೆ ಕಂಡೊಡನೆ ಎಲ್ಲವೂ ಬೇಗವೆಂದು ತಿಳಿಯಬೇಕಿಲ್ಲ.

ಇನ್ನೊಂದು ಮಾತು. 6000 ಎಂದು ಬರೆದ ಮಾಡ್ಯೂಲ್ ಮೊದಲ ಬಾರಿ ಹಚ್ಚಿದಾಗ 4800ರಂತಹ ಕಡಿಮೆ ವೇಗದಲ್ಲಿ ಓಡುವುದು ಸಾಮಾನ್ಯ. ಬರೆದ ವೇಗ ಬೇಕಾದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ನಾವೇ ಒತ್ತಬೇಕು. ಮೊದಲನೆಯದು ಇಂಟೆಲ್ ತಂದದ್ದು, ಎರಡನೆಯದು ಎಎಂಡಿ.

ಎರಡನೆಯ ಪರೀಕ್ಷೆ: ಕ್ರಾಸ್‌ಮ್ಯಾಚ್

ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್. ಅಂಗಡಿಯಲ್ಲಿ ಕಾಣುವ ಕಿಂಗ್‌ಸ್ಟನ್, ಕೋರ್ಸೇರ್, ಜಿ.ಸ್ಕಿಲ್ ಮುಂತಾದವು ಹೊರಗಿನಿಂದ ಚಿಪ್ಪುಗಳನ್ನು ಕೊಂಡು ಮಾಡ್ಯೂಲ್ ಮಾಡುತ್ತವೆ. ಒಂದೇ ಹೆಸರಿನ ಮಾಡ್ಯೂಲಿನೊಳಗೆ ಈ ವರ್ಷ ಒಬ್ಬರ ಚಿಪ್ಪು, ಮುಂದಿನ ವರ್ಷ ಇನ್ನೊಬ್ಬರದು ಇರಬಹುದು. ಹೊರಗಿನ ಲೇಬಲ್ ಒಂದೇ ಆದ ಮಾತ್ರಕ್ಕೆ ಒಳಗೂ ಒಂದೇ ಎಂದುಕೊಳ್ಳುವಂತಿಲ್ಲ.

ಇದಕ್ಕೆ ಎರಡು ಉಪಾಯಗಳಿವೆ. ಮದರ್‌ಬೋರ್ಡ್ ತಯಾರಕರು ತಾವು ಪರೀಕ್ಷಿಸಿ ನೋಡಿದ ಮಾಡ್ಯೂಲುಗಳ ಪಟ್ಟಿಯನ್ನು ಪ್ರಕಟಿಸುತ್ತಾರೆ. ಅದನ್ನು ಕ್ಯೂವಿಎಲ್ ಎನ್ನುತ್ತಾರೆ. ಪಟ್ಟಿಯಲ್ಲಿಲ್ಲದ್ದೆಲ್ಲ ಹೊಂದುವುದಿಲ್ಲ ಎಂದಲ್ಲ. ಆದರೆ ಪಟ್ಟಿಯಲ್ಲಿದ್ದರೆ ಯಾರೋ ಒಬ್ಬರು ಬೆರೆಸಿ ನೋಡಿದ್ದಾರೆ ಎಂಬ ಧೈರ್ಯವಿರುತ್ತದೆ. ಎರಡನೆಯದು, ಬೇಕಾದಷ್ಟನ್ನು ಒಂದೇ ಪೆಟ್ಟಿಗೆಯ ಜೋಡಿಯಾಗಿ ಕೊಳ್ಳುವುದು. ಈಗ ಒಂದು, ಆಮೇಲೆ ಇನ್ನೊಂದು ಎಂಬ ನನ್ನ ಲೆಕ್ಕಾಚಾರ ಬೇಡ.

ಜೋಡಿಯಿಂದ ಇನ್ನೊಂದು ಲಾಭವಿದೆ. ಮಾಮೂಲಿ ಬೋರ್ಡುಗಳಲ್ಲಿ ಮೆಮೊರಿಗೆ ಎರಡು ಚಾನೆಲ್‌ಗಳು. 32 ಜಿಬಿಯ ಒಂದರ ಬದಲು 16 ಜಿಬಿಯ ಎರಡನ್ನು ಹಾಕಿದರೆ ಎರಡೂ ದಾರಿಗಳು ಬಳಕೆಯಾಗುತ್ತವೆ. ಹಾಗೆಂದು ನಾಲ್ಕು ಹಾಕಿದರೆ ಇನ್ನೂ ಒಳ್ಳೆಯದಾಗುವುದಿಲ್ಲ. ರೈಜನ್ 7000 ಸರಣಿಗೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ಮಾಡ್ಯೂಲುಗಳಿಗೆ 5200, ನಾಲ್ಕಕ್ಕೆ 3600. ಪತ್ರ, ಬ್ಯಾಂಕ್ ಕೆಲಸ, ಊರಿನವರೊಡನೆ ವಿಡಿಯೋ ಮಾತುಕತೆಗೆ 16 ಜಿಬಿ ಸಾಕು. ವಿಡಿಯೋ ಸಂಕಲನ ಮಾಡುವವರು, ಹೊಸ ಆಟಗಳನ್ನಾಡುವ ಮಕ್ಕಳು 32 ಜಿಬಿ ನೋಡಬಹುದು.

ಅಂಗಡಿಗೆ ಹೋಗುವ ಮುನ್ನ

ಸಿಂಗಪುರದಲ್ಲಿ ಕಂಪ್ಯೂಟರ್ ಬಿಡಿಭಾಗ ಎಂದೊಡನೆ ನೆನಪಾಗುವುದು ರೋಚೋರ್‌ನ ಸಿಮ್ ಲಿಮ್ ಸ್ಕ್ವೇರ್. ಲಿಟಲ್ ಇಂಡಿಯಾದಲ್ಲಿ ದೋಸೆ ತಿಂದು ನಡೆದೇ ಹೋಗಬಹುದು. ಆದರೆ ಬೋರ್ಡಿನ ಮಾದರಿ, ಕ್ಯೂವಿಎಲ್‌ನಿಂದ ಆರಿಸಿದ ಎರಡು ಮೂರು ಮಾಡ್ಯೂಲುಗಳ ಪೂರ್ತಿ ಸಂಖ್ಯೆ, ಪ್ರೊಸೆಸರಿನ ಮೇಲೆ ಕೂರುವ ಕೂಲರ್‌ನ ಕೆಳಗೆ ಉಳಿಯುವ ಎತ್ತರ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎತ್ತರದ ಅಲಂಕಾರವಿರುವ ಮಾಡ್ಯೂಲುಗಳು ದೊಡ್ಡ ಕೂಲರ್‌ಗಳಿಗೆ ತಾಗುತ್ತವೆ.

ಚೀಟಿ ಯಾಕೆಂದರೆ, ಇಲ್ಲಿ 2012ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಲೆಮನ್ ಲಾ ದೋಷವಿರುವ ವಸ್ತುವಿಗೆ ರಕ್ಷಣೆ ಕೊಡುತ್ತದೆ. ಆರು ತಿಂಗಳೊಳಗೆ ಕಂಡ ದೋಷ ಕೊಳ್ಳುವಾಗಲೇ ಇತ್ತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ನಾವೇ ತಪ್ಪು ಆರಿಸಿದ್ದು ವಸ್ತುವಿನ ದೋಷವಲ್ಲ. ಹಿಂದಿರುಗಿಸಿಕೊಳ್ಳುವುದು ಅಂಗಡಿಯವರ ಮರ್ಜಿ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ಸರ್ವರುಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ತೀವ್ರವಾಗಿ ಏರಿದ್ದರಿಂದ ತಪ್ಪಿನ ದಂಡವೂ ಹೆಚ್ಚಾಗಿದೆ.

ಕೂರಿಸಿದ ಮೇಲೆ

ವಿದ್ಯುತ್ ಸಂಪರ್ಕ ತೆಗೆದು, ಪೆಟ್ಟಿಗೆಯ ಲೋಹದ ಭಾಗ ಮುಟ್ಟಿ, ಮೈಯಲ್ಲಿರುವ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಿ. ನಾಲ್ಕು ಸ್ಲಾಟ್‌ಗಳಿದ್ದು ಮಾಡ್ಯೂಲ್ ಎರಡೇ ಆದರೆ, ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಬೇಕು. ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಡಿಡಿಆರ್5 ಯಂತ್ರವನ್ನು ಮೊದಲ ಬಾರಿ ಹಚ್ಚಿದಾಗ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡು ಮೆಮೊರಿಯೊಡನೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಿಂದ ಸ್ವಿಚ್ ಆರಿಸಬೇಡಿ.

ಆಮೇಲೆ ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಹಚ್ಚಿ ರಾತ್ರಿಯಿಡೀ ಓಡಿಸಿ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಹಾಕಿದ್ದರೆ ಅದರೊಡನೆಯೇ ಪರೀಕ್ಷಿಸಿ. ಒಂದು ತಪ್ಪು ಬಂದರೂ ಒಪ್ಪಬೇಡಿ. ಡಿಡಿಆರ್5ರಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಚಿಪ್ಪಿನೊಳಗಿನ ತಪ್ಪನ್ನು ತಿದ್ದುತ್ತದೆ, ಚಿಪ್ಪಿನಿಂದ ಪ್ರೊಸೆಸರಿಗೆ ಸಾಗುವ ದಾರಿಯ ತಪ್ಪನ್ನಲ್ಲ.

ಪರೀಕ್ಷೆ ಮುಗಿಯುವವರೆಗೆ ಮನೆಯ ಫೋಟೋಗಳನ್ನು ಹೊಸ ಯಂತ್ರಕ್ಕೆ ಸಾಗಿಸಬೇಡಿ. ಸಾಗಿಸಿದ ಮೇಲೂ ಕೆಲವನ್ನು ತೆರೆದು ನೋಡಿ, ಹಳೆಯ ಡಿಸ್ಕನ್ನು ಒಂದು ವರ್ಷವಾದರೂ ಬೀರುವಿನಲ್ಲಿಡಿ. ನಮ್ಮ ಮನೆಯ ಡಿಸ್ಕ್ ಈಗಲೂ ಅಲ್ಲಿಯೇ ಇದೆ.