ಪಾಯ ತೋಡುವ ಮೊದಲೇ ಮನೆಯೊಳಗೆ ಓಡಾಡಿದೆ

ಶ್ರೀನಿವಾಸಪುರದಲ್ಲಿ ನನ್ನ ಮಗ ಮನೆ ಕಟ್ಟಿಸುತ್ತಾನೆ. ಇನ್ನೂ ಪಾಯ ತೋಡಿಲ್ಲ. ಮಾಲೂರಿನಿಂದ ಇಟ್ಟಿಗೆ ಲಾರಿಯೂ ಬಂದಿಲ್ಲ. ಆದರೂ ಹೋದ ತಿಂಗಳು ನಾನು ಆ ಮನೆಯೊಳಗೆಲ್ಲ ಓಡಾಡಿ ಬಂದೆ. ಅದೂ ಕೋಲಾರದ ನಮ್ಮ ಹಜಾರದಲ್ಲಿ ನಿಂತುಕೊಂಡೇ!

ಎಂಜಿನಿಯರ್ ಹುಡುಗ ಡಬ್ಬಿಯಂಥ ಕನ್ನಡಕವೊಂದನ್ನು ನನ್ನ ಕಣ್ಣಿಗೆ ಕಟ್ಟಿದ. ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಅಂತೆ. ಎದುರಿಗೆ ಬಾಗಿಲು ಕಂಡಿತು. ತಲೆ ಎತ್ತಿದರೆ ಸೂರು, ತಿರುಗಿದರೆ ಅಡುಗೆಮನೆ. ಹೊಸ್ತಿಲು ದಾಟಲು ಕಾಲೆತ್ತಿದೆ. "ತಾತ, ಅಲ್ಲಿ ಹೊಸ್ತಿಲೇ ಇಲ್ಲ, ಬೀಳ್ತೀಯ!" ಎಂದು ಮೊಮ್ಮಗಳು ಕೈ ಹಿಡಿದುಕೊಂಡಳು.

ಇದು ಹೇಗೆ? ಮಕ್ಕಳೇ, ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ನೆಗೆದಂತೆ ಕಾಣುತ್ತದೆ. ಎರಡು ಕಣ್ಣಿಗೂ ಕಾಣುವ ಚಿತ್ರ ಸ್ವಲ್ಪ ಬೇರೆ ಬೇರೆ. ಅವೆರಡನ್ನೂ ಸೇರಿಸಿ ಯಾವುದು ಹತ್ತಿರ, ಯಾವುದು ದೂರ ಎಂದು ಮಿದುಳು ಲೆಕ್ಕ ಹಾಕುತ್ತದೆ. ಈ ಕನ್ನಡಕವೂ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿ ಮಿದುಳನ್ನು ನಂಬಿಸುತ್ತದೆ. ತಲೆ ಎತ್ತ ತಿರುಗಿತೆಂದು ಅಳೆದು, ಸೆಕೆಂಡಿಗೆ 72 ಅಥವಾ 90 ಬಾರಿ ಹೊಸ ಚಿತ್ರ ಕೊಡುತ್ತದೆ. ಅದು ತುಸು ತಡವಾದರೂ ತಲೆ ಸುತ್ತುತ್ತದೆ. ನನಗೂ ಸುತ್ತಿತು. ನಿಂಬೆಹಣ್ಣಿನ ಪಾನಕ ಕುಡಿದ ಮೇಲೆ ಸರಿಹೋಯಿತು.

ಮಾಡುವ ಮೊದಲು ಹೀಗೆ ಸುಳ್ಳಿನಲ್ಲಿ ಪರೀಕ್ಷಿಸುವುದು ನಮ್ಮ ಪಕ್ಕದ ಬೆಂಗಳೂರಿಗೆ ಹೊಸದೇನಲ್ಲ. ಅಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನ ಚುರುಕಾಗಿ ತಿರುಗಲೆಂದು ಬೇಕೆಂದೇ ಅದನ್ನು ಸ್ಥಿರವಲ್ಲದಂತೆ ರಚಿಸಿದ್ದಾರೆ. ಕಂಪ್ಯೂಟರು ಕ್ಷಣಕ್ಷಣಕ್ಕೂ ಸರಿಪಡಿಸದಿದ್ದರೆ ಅದು ಹಾರಲಾರದು. ಆ ಕಂಪ್ಯೂಟರಿನ ಲೆಕ್ಕ ತಪ್ಪಿದರೆ? ಅದಕ್ಕೇ ಪೈಲಟ್‌ಗಳು ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಕೂತು, ಕಂಪ್ಯೂಟರು ಬರೆದ ಆಕಾಶದಲ್ಲಿ ಮತ್ತೆ ಮತ್ತೆ ಹಾರಿಸಿ ನೋಡಿದರು. ಹಾರದ ಒಂದು 'ಕಬ್ಬಿಣದ ಹಕ್ಕಿ'ಯನ್ನೂ ನಿಲ್ಲಿಸಿ, ಚಾಲನೆಯ ಭಾಗಗಳನ್ನು ಅದಕ್ಕೆ ಜೋಡಿಸಿ ಪರೀಕ್ಷಿಸಿದರು. ಬ್ಯಾಂಕಿನಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ನಾವು ಮನೆಗೆ ಹೊರಡುತ್ತಿರಲಿಲ್ಲವಲ್ಲ, ಹಾಗೆ. 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ಅದನ್ನು ನಿಜವಾದ ಆಕಾಶಕ್ಕೆ ಒಯ್ದು ಸುರಕ್ಷಿತವಾಗಿ ಇಳಿಸಿದರು. ತೇಜಸ್ ಎಂಬ ಹೆಸರು ಬಂದದ್ದು 2003ರಲ್ಲಿ.

ನಮ್ಮ ಮನೆಯ ಸುದ್ದಿಗೆ ಬರುತ್ತೇನೆ. ನನ್ನ ಹೆಂಡತಿಗೆ ಮಂಡಿನೋವು, ವಾಕರ್ ಹಿಡಿದೇ ನಡೆಯುವುದು. ಕಾಗದದ ನಕ್ಷೆಗೆ ನಾವೆಲ್ಲ ಒಪ್ಪಿ ಆಗಿತ್ತು. ಅವಳು ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಸಿಕೊಂಡಳು. ಬಚ್ಚಲುಮನೆಯ ಮುಂದೆ ಬಂದಾಗ ಸುಮ್ಮನಾದಳು. ಆಮೇಲೆ, "ಈ ಬಾಗಿಲು ಒಳಕ್ಕೆ ತೆರೆಯುತ್ತಲ್ಲ, ನಾನು ಒಳಗೆ ಬಿದ್ದರೆ ಅದಕ್ಕೇ ಅಡ್ಡ ಬೀಳ್ತೀನಿ. ಅತ್ತೆಗೆ ಆದದ್ದು ಮರೆತುಬಿಟ್ರಾ?" ಎಂದಳು.

ಮುಳಬಾಗಿಲಿನಲ್ಲಿ ಸಾಲ ಮಾಡಿ ನಾನು ಕಟ್ಟಿಸಿದ್ದ ಮನೆಯಲ್ಲಿ ನಮ್ಮಮ್ಮ ಹಾಗೇ ಬಿದ್ದಿದ್ದರು. ಎಷ್ಟು ತಳ್ಳಿದರೂ ಬಾಗಿಲು ತೆರೆಯಲಿಲ್ಲ. ಬಡಗಿ ಬಂದು ಹಲಗೆ ಒಡೆಯುವಷ್ಟರಲ್ಲಿ ಅರ್ಧ ಗಂಟೆ ಆಗಿತ್ತು. ಆಮೇಲೆ ಅವರು ಮಂಚ ಬಿಟ್ಟು ಏಳಲಿಲ್ಲ. ನಕ್ಷೆ ನೋಡುವಾಗ ನನಗೆ ಅದು ಹೊಳೆಯಲೇ ಇಲ್ಲ.

ಹುಡುಗ ಅಲ್ಲೇ ಲ್ಯಾಪ್‌ಟಾಪಿನಲ್ಲಿ ಬಾಗಿಲನ್ನು ಹೊರಕ್ಕೆ ತಿರುಗಿಸಿದ, ಅಗಲವನ್ನೂ ಹೆಚ್ಚಿಸಿದ. ಅವಳು ಇನ್ನೊಮ್ಮೆ ನೋಡಿ, "ನೆಲ ಜಾರುತ್ತೇನಪ್ಪಾ?" ಎಂದು ಕೇಳಿದಳು. "ಅದು ಇದರಲ್ಲಿ ಗೊತ್ತಾಗಲ್ಲ ಅಜ್ಜಿ" ಎಂದ.

ಮೊನ್ನೆ ಅಂಗಡಿಯಿಂದ ಎರಡು ಬಗೆಯ ಟೈಲ್ಸ್ ತರಿಸಿ, ಹಿತ್ತಲಲ್ಲಿ ಹಾಸಿ, ಸೋಪಿನ ನೀರು ಹುಯ್ದು, ವಾಕರ್ ಒತ್ತಿ ನೋಡಿದಳು. ಒಂದನ್ನು ವಾಪಸು ಕಳಿಸಿದ್ದೇವೆ.