ಹ್ಯಾಮ್ ಕ್ಲಬ್ಬಿನಲ್ಲಿ ಕಲಿಯುವುದೇನು?

2025ರ ಜುಲೈನಲ್ಲಿ ಗಗನಯಾನಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ವಿದ್ಯಾರ್ಥಿಗಳೊಂದಿಗೆ ಮಾತಾಡಿದರು. ಆ ಮಾತುಕತೆ ನಡೆದದ್ದು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳ ರೇಡಿಯೊ ಮೂಲಕ. ನಿಲ್ದಾಣವಿರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಒಂದೂವರೆ ಗಂಟೆಗೆ ಭೂಮಿಗೆ ಒಂದು ಸುತ್ತು ಬರುವ ಅದು ಯಾವುದೇ ಒಂದು ಊರಿನ ಆಂಟೆನಾಕ್ಕೆ ಸಿಗುವುದು ಹತ್ತು ನಿಮಿಷದ ಆಸುಪಾಸು. ಅಷ್ಟರೊಳಗೆ ಪ್ರಶ್ನೆ ಕೇಳಬೇಕು, ಉತ್ತರ ಕೇಳಿಸಿಕೊಳ್ಳಬೇಕು. ಇಂಥ ಸಂಪರ್ಕಗಳನ್ನು ಏರ್ಪಡಿಸುವವರಲ್ಲಿ ಸಂಬಳವಿಲ್ಲದೆ ದುಡಿಯುವ ಹವ್ಯಾಸಿಗಳೇ ಹೆಚ್ಚು.

ಬೆಂಗಳೂರಿಗೆ ಈ ಹವ್ಯಾಸ ಹೊಸದಲ್ಲ. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಹುಟ್ಟಿದ್ದು 1959ರಲ್ಲಿ. ಮಂಗಳೂರಿನಲ್ಲೂ ಕ್ಲಬ್ ಇದೆ. ಇಸ್ರೋ ಉಪಗ್ರಹ ಕೇಂದ್ರಕ್ಕೂ ತನ್ನದೇ ಆದ ‘ಉಪಗ್ರಹ ಅಮೆಚೂರ್ ರೇಡಿಯೊ ಕ್ಲಬ್’ ಇದೆ. ಕೇಂದ್ರ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಪಡೆದ ಪ್ರತಿಯೊಬ್ಬರಿಗೂ ಒಂದು ಕರೆಸಂಕೇತ ಸಿಗುತ್ತದೆ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ ‘ವಿಯು’ ಎಂದು ಶುರುವಾಗುತ್ತದೆ. ಹ್ಯಾಮ್ ತರಂಗಗಳಲ್ಲಿ ವ್ಯಾಪಾರ ಮಾಡುವಂತಿಲ್ಲ, ಹಾಡು ಹಾಕುವಂತಿಲ್ಲ, ಗುಟ್ಟಿನ ಭಾಷೆ ಬಳಸುವಂತಿಲ್ಲ. ‘ಮೊಬೈಲ್ ಇರುವಾಗ ಇದೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. ಮೊಬೈಲಿನಲ್ಲಿ ನಮ್ಮ ಮಾತನ್ನು ದಾಟಿಸುವವರು ಬೇರೆಯವರು. ಇಲ್ಲಿ ಮಾತು ಹೇಗೆ ದಾಟುತ್ತದೆ ಎಂಬುದನ್ನು ನಾವೇ ಕಲಿಯಬೇಕು. ಕ್ಲಬ್ಬುಗಳು ಇರುವುದೇ ಅದನ್ನು ಕಲಿಸುವುದಕ್ಕೆ.

ಹೊಸಬರಿಗೆ ಮೊದಲ ಪಾಠ ಸಾಮಾನ್ಯವಾಗಿ ಆಂಟೆನಾದ್ದು. ಲೆಕ್ಕ ಸುಲಭ: 143ನ್ನು ಅಲೆಯ ಆವರ್ತನದ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಬೇಕಾದ ತಂತಿಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ತಾಮ್ರದ ತಂತಿಯನ್ನು ನಡುವೆ ತುಂಡರಿಸಿ, ಹತ್ತತ್ತು ಮೀಟರಿನ ಎರಡು ತೋಳು ಮಾಡಿ, ನಡುವಿನಿಂದ ಕೇಬಲ್ ಇಳಿಸಿ, ತುದಿಗಳನ್ನು ನೈಲಾನ್ ಹಗ್ಗದಿಂದ ಎರಡು ತೆಂಗಿನಮರಗಳಿಗೆ ಬಿಗಿದರೆ ಆಂಟೆನಾ ಸಿದ್ಧ. ಅನುಭವಿಗಳು ತಂತಿಯನ್ನು ಮೊದಲು ಒಂದು ಗೇಣು ಉದ್ದವೇ ಬಿಡುತ್ತಾರೆ. ಸೆಟ್ಟಿನಿಂದ ಹೋದ ಶಕ್ತಿಯಲ್ಲಿ ಎಷ್ಟು ಹಿಂದಿರುಗಿ ಬರುತ್ತಿದೆ ಎಂದು ಮೀಟರಿನಲ್ಲಿ ನೋಡಿ, ಎರಡೂ ತುದಿಗಳನ್ನು ಬೆರಳಗಲ ಬೆರಳಗಲ ಕತ್ತರಿಸುತ್ತ ಬರುತ್ತಾರೆ. ಮುಳ್ಳು ಕೆಳಗಿಳಿಯುತ್ತ ಹೋಗುವುದನ್ನು ಕಣ್ಣಾರೆ ಕಂಡ ಹುಡುಗಿಗೆ ಅನುರಣನ ಎಂದರೇನೆಂದು ಮತ್ತೆ ಬೋರ್ಡಿನ ಮೇಲೆ ವಿವರಿಸಬೇಕಾಗಿಲ್ಲ.

ಸೆಟ್ಟನ್ನೂ ಕೈಯಾರೆ ಕಟ್ಟಬಹುದು. ಹೈದರಾಬಾದಿನ ಅಶ್‌ಹರ್ ಫರ್ಹಾನ್ ರೂಪಿಸಿದ ‘ಬಿಟ್‌ಎಕ್ಸ್’ ಎಂಬ ಸೆಟ್ಟಿನ ವಿನ್ಯಾಸ ಜಗತ್ತಿನಾದ್ಯಂತ ಹ್ಯಾಮ್‌ಗಳ ಮೇಜಿನ ಮೇಲೆ ಬಂದು ಕೂತಿದೆ. ಪೇಟೆಯಲ್ಲಿ ಸುಲಭವಾಗಿ ಸಿಗುವ ಟ್ರಾನ್ಸಿಸ್ಟರುಗಳಿಂದಲೇ ಕೆಲಸವಾಗುವಂತೆ ಅವರು ಅದನ್ನು ಯೋಚಿಸಿದ್ದರು. ಸುರುಳಿ ಸುತ್ತಲು ನಲ್ಲಿಯ ವಾಷರ್ ಕೂಡ ಸಾಕಾಗಿತ್ತು. ನಮ್ಮ ದೇಶದ ಎಂಜಿನಿಯರಿಂಗ್ ಪ್ರತಿಭೆಗೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಆಕಾಶದ ವಿಷಯ. ಸೂರ್ಯನ ನೇರಳಾತೀತ ಕಿರಣ ಮತ್ತು ಕ್ಷಕಿರಣಗಳು ಮೇಲಿನ ವಾಯುಮಂಡಲದ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅಯಾನುಗೋಳವನ್ನು ಸೃಷ್ಟಿಸುತ್ತವೆ. ಅದರಲ್ಲಿ ಕೆಳಗಿನದು ಡಿ ಪದರ. ಇದು ಹಗಲಿನಲ್ಲಿ ಮಾತ್ರ ಇದ್ದು 7 ಮೆಗಾಹರ್ಟ್ಸ್‌ನಂಥ ಅಲೆಗಳ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಮಧ್ಯಾಹ್ನ ಬೆಂಗಳೂರಿನಿಂದ ಹುಬ್ಬಳ್ಳಿ, ಚೆನ್ನೈಗಳ ಜೊತೆ ಮಾತು ಸಲೀಸು, ಅದಕ್ಕಿಂತ ತೀರಾ ಆಚೆ ಕಷ್ಟ. ಸೂರ್ಯ ಮುಳುಗಿದಂತೆ ಡಿ ಪದರ ಕರಗುತ್ತದೆ. ಆಗ ಅದೇ ಅಲೆ ಇನ್ನೂ ಮೇಲೆ, ಸುಮಾರು 300 ಕಿ.ಮೀ. ಎತ್ತರದ ಎಫ್ ಪದರದವರೆಗೆ ಹೋಗಿ ಬಾಗಿ ನೆಲಕ್ಕಿಳಿಯುತ್ತದೆ, ಮತ್ತೆ ನೆಗೆಯುತ್ತದೆ. ಹಗಲು ನೆರೆರಾಜ್ಯ ಕೇಳಿಸುತ್ತಿದ್ದ ಸೆಟ್ಟಿನಲ್ಲಿ ರಾತ್ರಿ ಯುರೋಪು ಕೇಳಿಸುತ್ತದೆ. ತಂತಿ ಅದೇ, ಸೆಟ್ಟು ಅದೇ, ಬದಲಾದದ್ದು ಆಕಾಶ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುವುದರ ಪರಿಣಾಮವನ್ನೂ ಹ್ಯಾಮ್‌ಗಳು ತಮ್ಮ ಲಾಗ್ ಪುಸ್ತಕದಲ್ಲೇ ಕಾಣುತ್ತಾರೆ: ಕಲೆ ಹೆಚ್ಚಿದ ವರ್ಷಗಳಲ್ಲಿ 28 ಮೆಗಾಹರ್ಟ್ಸ್‌ನಲ್ಲಿ ಕೆಲವೇ ವಾಟ್‌ನ ಸೆಟ್ಟಿಗೂ ಖಂಡಾಂತರದ ಉತ್ತರ ಬರುತ್ತದೆ.

ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ‘ಫಾಕ್ಸ್ ಹಂಟ್’. ಪುಟ್ಟ ಟ್ರಾನ್ಸ್‌ಮಿಟರ್ ಒಂದನ್ನು ಎಲ್ಲೋ ಬಚ್ಚಿಡುತ್ತಾರೆ, ಅದೇ ನರಿ. ಅದನ್ನು ದಿಕ್ಕುತೋರುವ ಆಂಟೆನಾ ಹಿಡಿದು ಹುಡುಕಬೇಕು. ಪಿವಿಸಿ ಪೈಪಿಗೆ ಸ್ಟೀಲ್ ಅಳತೆ ಟೇಪಿನ ತುಂಡುಗಳನ್ನು ಕಟ್ಟಿದರೆ ಒಳ್ಳೆಯ ಯಾಗಿ ಆಂಟೆನಾ ಆಗುತ್ತದೆ, ಪೊದೆಗೆ ತಾಗಿದರೂ ಮುರಿಯುವುದಿಲ್ಲ. ಸದ್ದು ಜೋರಾದ ದಿಕ್ಕನ್ನು ನಕ್ಷೆಯಲ್ಲಿ ಗೆರೆ ಎಳೆದುಕೊಂಡು, ಬೇರೆ ಜಾಗದಿಂದ ಇನ್ನೊಂದು ಗೆರೆ ಎಳೆದರೆ ಎರಡೂ ಕೂಡುವಲ್ಲಿ ನರಿ. ನಿಜವಾದ ಕಷ್ಟ ಹತ್ತಿರ ಹೋದಾಗ. ಸಂಕೇತ ಎಲ್ಲ ಕಡೆಯಿಂದಲೂ ಒಂದೇ ಜೋರಾಗಿ ಕೇಳಿಸತೊಡಗುತ್ತದೆ, ಗೋಡೆಗೆ ಬಡಿದು ಬಂದ ಅಲೆ ದಾರಿ ತಪ್ಪಿಸುತ್ತದೆ. ಬಲ್ಲವರು ಆಗ ಆಂಟೆನಾ ಕಳಚಿ, ಹ್ಯಾಂಡ್‌ಸೆಟ್ಟನ್ನು ಎದೆಗವಚಿಕೊಂಡು ನಿಂತಲ್ಲೇ ಒಂದು ಸುತ್ತು ತಿರುಗುತ್ತಾರೆ. ಸದ್ದು ಕುಗ್ಗಿದಾಗ ನರಿ ಬೆನ್ನ ಹಿಂದಿದೆ: ದೇಹವೇ ಅಲೆಯನ್ನು ತಡೆಯುತ್ತಿದೆ.

ಹವ್ಯಾಸದ ತಾಲೀಮು ಆಪತ್ತಿನಲ್ಲಿ ಏನು ಮಾಡಬಲ್ಲದು ಎಂಬುದನ್ನು 2004 ತೋರಿಸಿತು. ಆ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ನೇತೃತ್ವದ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಹ್ಯಾಮ್ ಪ್ರಸಾರ ನಡೆಸುತ್ತಿತ್ತು. ಜಗತ್ತಿನ ಹ್ಯಾಮ್‌ಗಳಿಗೆ ಅಂಡಮಾನ್ ಅಪರೂಪಕ್ಕೆ ಸಿಗುವ ಜಾಗ. ಸಂಪರ್ಕಕ್ಕಾಗಿ ಎಲ್ಲ ಕಡೆಯಿಂದ ಕರೆ ಬರುತ್ತಿದ್ದವು. 26ರ ಬೆಳಗ್ಗೆ ಸುನಾಮಿ ಅಪ್ಪಳಿಸಿ ಫೋನುಗಳು ಕೆಟ್ಟಾಗ ಅವರ ಸೆಟ್ಟುಗಳೇ ಸುದ್ದಿಯ ದಾರಿಯಾದವು. ‘ಬದುಕಿದ್ದೇವೆ’ ಎಂಬ ಸಂದೇಶಗಳು ದ್ವೀಪದಿಂದ ಆ ದಾರಿಯಲ್ಲಿ ಮನೆಮನೆ ತಲುಪಿದವು.

ಮುಂದಿನ ವರ್ಷ, 2005ರ ಮೇ 5ರಂದು, ಶ್ರೀಹರಿಕೋಟಾದಿಂದ ಕಾರ್ಟೋಸ್ಯಾಟ್-1 ಉಪಗ್ರಹದ ಜೊತೆಯಲ್ಲಿ 42.5 ಕೆ.ಜಿ. ತೂಕದ ಹ್ಯಾಮ್‌ಸ್ಯಾಟ್ ಹಾರಿತು. ಹವ್ಯಾಸಿಗಳಿಗಾಗಿ ಇಸ್ರೋ ಕಟ್ಟಿದ ಉಪಗ್ರಹವದು. ಅದರಲ್ಲಿದ್ದ, ಸಂಕೇತವನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದು ನಮ್ಮವರದು, ಇನ್ನೊಂದು ನೆದರ್ಲೆಂಡ್ಸ್‌ನ ಹ್ಯಾಮ್ ಒಬ್ಬರು ಮಾಡಿಕೊಟ್ಟದ್ದು. ಎರಡು ವರ್ಷದ ಬಾಳಿಕೆಗೆಂದು ಕಳಿಸಿದ ಅದು ಒಂಬತ್ತು ವರ್ಷ ದುಡಿಯಿತು. 2014ರ ಜುಲೈನಲ್ಲಿ ಬ್ಯಾಟರಿ ಕೈಕೊಟ್ಟು ಮೌನವಾಯಿತು.

ಲೈಸೆನ್ಸ್ ಪರೀಕ್ಷೆಗೆ ಕೂರಲು 12 ವರ್ಷ ತುಂಬಿದ್ದರೆ ಸಾಕು, ಪದವಿ ಬೇಕಿಲ್ಲ. ರೇಡಿಯೊ ತತ್ತ್ವ ಮತ್ತು ನಿಯಮಗಳು ಪಠ್ಯ. ಮೊದಲ ಹಂತದ ಲೈಸೆನ್ಸಿಗೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಬೇಕಾಗಿಲ್ಲ. ಮೇಲಿನ ಹಂತಕ್ಕೆ ನಿಮಿಷಕ್ಕೆ ಎಂಟು ಪದಗಳ ವೇಗ ಬರಬೇಕು. ಕ್ಲಬ್ಬುಗಳು ಇದಕ್ಕೆಲ್ಲ ತರಗತಿ ನಡೆಸುತ್ತವೆ. ಜಿಲ್ಲೆಗೊಂದು ಎಂಜಿನಿಯರಿಂಗ್ ಕಾಲೇಜು ಇರುವ ನಾಡಿನಲ್ಲಿ ಜಿಲ್ಲೆಗೊಂದು ಹ್ಯಾಮ್ ಕ್ಲಬ್ ಇಲ್ಲದಿರುವುದು ಸರಿಯಲ್ಲ. ವಿಜ್ಞಾನ ಮೇಷ್ಟ್ರುಗಳೇ, ನಿಮ್ಮ ಎಂಟನೇ ತರಗತಿಯ ಮಕ್ಕಳನ್ನು ಒಂದು ಭಾನುವಾರ ಹತ್ತಿರದ ಹ್ಯಾಮ್ ಕ್ಲಬ್ಬಿಗೆ ಕರೆದುಕೊಂಡು ಹೋಗಿ.