ಕೂದಲ ಸುತ್ತ ಉಳಿಯುವ ಕಂದು ಅಂಚು

ಪ್ರಶ್ನೆ: ಶನಿವಾರವಾಡೆಯ ಮುಂದೆ ತೆಗೆದ ಅಕ್ಕನ ಫೋಟೋದಲ್ಲಿ ಹಿನ್ನೆಲೆ ಅಳಿಸಿದರೆ ಕೂದಲ ಸುತ್ತ ಕಂದು ಅಂಚು ಉಳಿಯುತ್ತದೆ. ಏಕೆ? (ಓದುಗರು, ಪುಣೆ)

ಉತ್ತರ: ಇಂಥ ಫೋಟೋದಲ್ಲಿ ಕೂದಲಿನ ಎಳೆ ಸಾಮಾನ್ಯವಾಗಿ ಒಂದು ಪಿಕ್ಸೆಲ್‌ಗಿಂತ ತೆಳು. ಹಾಗಾಗಿ ಅಂಚಿನ ಪಿಕ್ಸೆಲ್‌ನಲ್ಲಿ ಕೂದಲ ಕಪ್ಪು, ವಾಡೆಯ ಕಲ್ಲಿನ ಬಣ್ಣ ಎರಡೂ ಬೆರೆತಿರುತ್ತವೆ. ಅದನ್ನು ಪೂರ್ತಿ ಇಟ್ಟರೆ ಕಂದು ಗೆರೆ. ಪೂರ್ತಿ ಅಳಿಸಿದರೆ ಕೂದಲು ಕತ್ತರಿಸಿಟ್ಟ ಕಾಗದದಂತೆ. ಬೇಕಾದದ್ದು ಅರೆಪಾರದರ್ಶಕತೆ. ಅದರ ಅಳತೆಯಲ್ಲಿ 0 ಎಂದರೆ ಏನೂ ಕಾಣದು, 255 ಎಂದರೆ ಪೂರ್ತಿ ಕಾಣುತ್ತದೆ. ಕೂದಲಿನ ಅಂಚು ನಡುವೆ ಎಲ್ಲೋ ನಿಲ್ಲಬೇಕು. ಅರೆಪಾರದರ್ಶಕ ಪಿಕ್ಸೆಲ್ ಬೆರೆಸುವ ಈ ಲೆಕ್ಕವನ್ನು ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರಾದ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಕ್ರಮಬದ್ಧವಾಗಿ ಬರೆದಿಟ್ಟರು.

ಇರೇಸರ್ ಮುಟ್ಟಬೇಡಿ, ಅಳಿಸದೆ ಮರೆಮಾಡುವ ಲೇಯರ್ ಮಾಸ್ಕ್ ಬಳಸಿ. ತಪ್ಪಿದರೆ ಮಾಸ್ಕ್ ಮೇಲೆ ಬಿಳಿ ಬಳಿದು ಮರೆಯಾದದ್ದನ್ನು ಮರಳಿ ತರಬಹುದು. ಭುಜ, ಕನ್ನಡಕದಂಥ ಗಟ್ಟಿ ಅಂಚಿಗೆ ಪೆನ್ ಟೂಲ್ ಸಾಕು. ಕೂದಲಿಗೆ ಫೋಟೋಶಾಪ್‌ನ ‘ಸೆಲೆಕ್ಟ್ ಅಂಡ್ ಮಾಸ್ಕ್’ ತೆರೆದು ರಿಫೈನ್ ಎಡ್ಜ್ ಬ್ರಷ್ ಆಡಿಸಿ, ‘ಡಿಕಂಟ್ಯಾಮಿನೇಟ್ ಕಲರ್ಸ್’ ಗುರುತು ಹಾಕಿ. ಕಂದು ಛಾಯೆ ಬಹುಪಾಲು ಹೋಗುತ್ತದೆ.

ತಲೆಯ ಹಿಂದೆ ಆಕಾಶವಿದ್ದ ಫೋಟೋ ಇದ್ದರೆ ಅದನ್ನೇ ಆರಿಸಿ. ನೀಲಿ ಚಾನೆಲ್‌ನಲ್ಲಿ ಆಕಾಶ ಬೆಳ್ಳಗೆ, ಕೂದಲು ಕಪ್ಪಗೆ ಕಾಣುತ್ತದೆ. ಅದರ ನಕಲು ತೆಗೆದು, ಲೆವೆಲ್ಸ್‌ನಲ್ಲಿ ವ್ಯತ್ಯಾಸ ಹೆಚ್ಚಿಸಿ, ಇನ್ವರ್ಟ್ ಮಾಡಿದರೆ ಕೂದಲಿನ ಮಾಸ್ಕ್ ಸಿದ್ಧ.